ಹಳೆ ಲ್ಯಾಪ್‌ಟಾಪ್‌ನಲ್ಲಿ ಗಾಜಿನ ವಿಂಡೋ: ಜರ್ಕ್ ಎಲ್ಲಿಂದ ಬರುತ್ತದೆ, ಹೇಗೆ ಹೋಗುತ್ತದೆ

ಕೊಡಗಿನ ಎಷ್ಟೋ ಮನೆ, ತೋಟದ ಆಫೀಸುಗಳಲ್ಲಿ 2012–13ರ ಹೊತ್ತಿಗೆ ಕೊಂಡ ಲ್ಯಾಪ್‌ಟಾಪ್ ಇನ್ನೂ ಓಡುತ್ತಿದೆ. ಆಳುಗಳ ಚೆಕ್‌ರೋಲ್, ಕಾಫಿ-ಮೆಣಸು ಮಾರಿದ ಲೆಕ್ಕ, ಮಕ್ಕಳ ಪ್ರಾಜೆಕ್ಟ್, ಎಲ್ಲ ಅದರಲ್ಲೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು. ಹಾಗಾಗಿ ನನ್ನ ಪರಿಚಯದವರಲ್ಲೂ ಕೆಲವರು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಂಡರು.

ಕೆಲಸವೆಲ್ಲ ಸರಿಯಾಗಿ ನಡೆಯುತ್ತದೆ. ಆಮೇಲೆ ಒಂದು ಆಸೆ ಹುಟ್ಟುತ್ತದೆ. ವಿಂಡೋಸ್ 7ರಲ್ಲಿ ಕಿಟಕಿಯ ಅಂಚು ಗಾಜಿನ ಹಾಗೆ ಹೊಳೆಯುತ್ತಿತ್ತು, ಹಿಂದಿನ ಚಿತ್ರ ಮಸುಕಾಗಿ ಕಾಣುತ್ತಿತ್ತು. ಅದು ಮತ್ತೆ ಬೇಕು ಅನ್ನಿಸುತ್ತದೆ. ಆನ್ ಮಾಡಿದರೆ ವಿಂಡೋ ಎಳೆಯುವಾಗ ಜರ್ಕ್ ಹೊಡೆಯುತ್ತದೆ, ಫ್ಯಾನ್ ಕೂಗಲು ಶುರುಮಾಡುತ್ತದೆ. ಯಾರನ್ನು ಕೇಳಿದರೂ ಒಂದೇ ಉತ್ತರ: ಹಳೇ ಮಷಿನ್, ಆಗಲ್ಲ ಬಿಡಿ.

ನನಗೆ ಈ ಉತ್ತರ ಒಪ್ಪಿಗೆಯಿಲ್ಲ. 2007ರ ಜನವರಿ ಕೊನೆಯಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗ ಅದರ ಗಾಜಿನ ಪರಿಣಾಮಕ್ಕೆ ಕೇಳಿದ್ದು 1 ಜಿಬಿ ರ್‍ಯಾಮ್, 128 ಎಂಬಿ ಗ್ರಾಫಿಕ್ಸ್ ಮೆಮೊರಿ ಮತ್ತು ಡೈರೆಕ್ಟ್‌ಎಕ್ಸ್ 9 ಬಲ್ಲ ಒಂದು ಚಿಪ್. ಅದಕ್ಕೂ ಮುಂಚೆ, 2006ರಲ್ಲೇ, ನೊವೆಲ್ ಕಂಪನಿಯ ಡೇವಿಡ್ ರೆವೆಮನ್ ಲಿನಕ್ಸ್‌ಗಾಗಿ ಬರೆದ ಕಾಂಪಿಜ್ ಎಂಬ ಪ್ರೋಗ್ರಾಂ ಹೊರಬಂದಿತ್ತು. ಅದರಲ್ಲಿ ವಿಂಡೋ ಎಳೆದರೆ ಬಳುಕುತ್ತಿತ್ತು, ಇಡೀ ಡೆಸ್ಕ್‌ಟಾಪ್ ಪೆಟ್ಟಿಗೆಯಂತೆ ತಿರುಗುತ್ತಿತ್ತು. 2012ರ ಲ್ಯಾಪ್‌ಟಾಪ್‌ನಲ್ಲಿರುವ ಇಂಟೆಲ್ ಎಚ್‌ಡಿ 4000 ಅನ್ನುವ ಗ್ರಾಫಿಕ್ಸ್ ಆ ಕಾಲದ ಚಿಪ್‌ಗಳಿಗಿಂತ ಎಷ್ಟೋ ಮುಂದಿನದು. ಅಂದಮೇಲೆ ಶಕ್ತಿ ಇದೆ. ಅದು ಎಲ್ಲೋ ಸೋರಿಹೋಗುತ್ತಿದೆ. ಎಲ್ಲಿ ಅಂತ ತಿಳಿದರೆ ನಿಲ್ಲಿಸಬಹುದು.

ಪರದೆಯ ಮೇಲೆ ನಡೆಯುವುದೇನು

ಹಿಂದೆ, ಅಂದರೆ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ, ಎಲ್ಲ ಪ್ರೋಗ್ರಾಂಗಳೂ ನೇರವಾಗಿ ಪರದೆಯ ಮೇಲೇ ಬರೆಯುತ್ತಿದ್ದವು. ಒಂದು ವಿಂಡೋ ಇನ್ನೊಂದನ್ನು ಮುಚ್ಚಿದರೆ ಕೆಳಗಿನ ಭಾಗ ಅಳಿಸಿಹೋಗುತ್ತಿತ್ತು. ಮೇಲಿನದನ್ನು ಸರಿಸಿದಾಗ ಕೆಳಗಿನ ಪ್ರೋಗ್ರಾಂ ಮತ್ತೆ ಬರೆಯಬೇಕು. ಅದು ಬಿಜಿಯಾಗಿದ್ದರೆ ವಿಂಡೋ ಎಳೆದಲ್ಲೆಲ್ಲ ಅದರ ಗುರುತು ಉದ್ದಕ್ಕೆ ಉಳಿಯುತ್ತಿತ್ತು, ನೆನಪಿದೆ ಅಲ್ವಾ?

ಈಗ ಹಾಗಲ್ಲ. ಪ್ರತಿ ಪ್ರೋಗ್ರಾಂ ಮೆಮೊರಿಯಲ್ಲಿ ತನ್ನದೇ ಒಂದು ಹಾಳೆಯ ಮೇಲೆ ಬರೆಯುತ್ತದೆ. ಆ ಹಾಳೆಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರ ಮಾಡುವ ಕೆಲಸ ಕಂಪೋಸಿಟರ್ ಎಂಬ ಪ್ರೋಗ್ರಾಂನದು. ಸರ್ವೆಯವರು ಊರಿನ ನಕ್ಷೆಯ ಮೇಲೆ ತೋಟದ ಗಡಿ ಗುರುತಿಸಿದ ಟ್ರೇಸಿಂಗ್ ಪೇಪರ್ ಇಟ್ಟು ನೋಡುತ್ತಾರಲ್ಲ, ಹಾಗೆ. ಮೇಲಿನ ಹಾಳೆ ದಪ್ಪ ಕಾಗದವಾದರೆ ಕೆಳಗಿನದು ಕಾಣುವುದಿಲ್ಲ, ಟ್ರೇಸಿಂಗ್ ಪೇಪರ್ ಆದರೆ ಕಾಣುತ್ತದೆ.

ಈ ಜೋಡಣೆಗೆ ಗಡುವು ಇದೆ. ಮಾಮೂಲಿ ಲ್ಯಾಪ್‌ಟಾಪ್ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ಕೇಳುತ್ತದೆ. ಅಂದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಕಂಪೋಸಿಟರ್ 16ರಲ್ಲಿ ಮುಗಿಸಿದರೆ ವಿಂಡೋ ನೀರಿನ ಹಾಗೆ ಜಾರುತ್ತದೆ. 18 ತೆಗೆದುಕೊಂಡರೆ? ಈ ಸುತ್ತು ತಪ್ಪಿತು, ಮುಂದಿನ ಸುತ್ತಿಗೆ ಕಾಯಬೇಕು. ಚಿತ್ರ ಹರಿದಂತೆ ಕಾಣಬಾರದು ಎಂದು ವಿ-ಸಿಂಕ್ ಆನ್ ಇರುವಾಗ, ಚಿತ್ರ ಸಿದ್ಧಮಾಡಿಡಲು ಎರಡೇ ಬಫರ್ (ಮೆಮೊರಿಯ ಜಾಗ) ಇದ್ದರೆ, 60 ಚಿತ್ರ ಇದ್ದದ್ದು ಒಂದೇ ಏಟಿಗೆ 30ಕ್ಕೆ ಇಳಿಯುತ್ತದೆ.

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಹಳೆ ಮಷಿನ್ ಸಾಮಾನ್ಯವಾಗಿ ಗಡುವಿನಿಂದ ಬಹಳ ದೂರ ಇರುವುದಿಲ್ಲ, ಕೂದಲೆಳೆಯಲ್ಲಿ ತಪ್ಪುತ್ತಿರುತ್ತದೆ. ಆದ್ದರಿಂದ ಎರಡು ಮಿಲಿಸೆಕೆಂಡ್ ಉಳಿಸಿದರೂ ಕಣ್ಣಿಗೆ ಎರಡು ಪಟ್ಟು ಚೆನ್ನಾಗಿ ಕಾಣುತ್ತದೆ.

ಪಾರದರ್ಶಕತೆ ಅಗ್ಗ, ಮಸುಕು ದುಬಾರಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೂಮಳೆ ಬಿದ್ದ ಮೇಲೆ ತೋಟವಿಡೀ ಬೆಳ್ಳಗೆ ಹೂ ಬಿಟ್ಟ ಫೋಟೊ ವಾಲ್‌ಪೇಪರ್ ಆಗಿದೆ. ಅದರ ಮೇಲೆ ಕಮಾಂಡ್ ಟೈಪ್ ಮಾಡುವ ಕಪ್ಪು ಬಣ್ಣದ ಟರ್ಮಿನಲ್ ವಿಂಡೋ ತೆರೆದು 80 ಪರ್ಸೆಂಟ್ ಗಟ್ಟಿ, 20 ಪರ್ಸೆಂಟ್ ಗಾಜು ಮಾಡಿದ್ದೀರಿ. ಬಣ್ಣದ ತೀವ್ರತೆಯನ್ನು 0ಯಿಂದ 255ರವರೆಗೆ ಅಳೆಯುತ್ತಾರೆ. ಟರ್ಮಿನಲ್‌ನ ಕಪ್ಪು 30, ಕಾಫಿ ಹೂವಿನ ಬಿಳುಪು 250, ಎಲೆಯ ನೆರಳು 40 ಅಂದುಕೊಳ್ಳಿ. ಹೂವಿನ ಮೇಲೆ ಕಾಣುವ ಬಣ್ಣ 30ರ 80 ಪರ್ಸೆಂಟ್ ಜೊತೆಗೆ 250ರ 20 ಪರ್ಸೆಂಟ್, ಅಂದರೆ 74. ಎಲೆಯ ಮೇಲೆ 32. ಇಷ್ಟೇ ಲೆಕ್ಕ. ಈ ಸೂತ್ರವನ್ನು 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಒಂದು ಪ್ರಬಂಧದಲ್ಲಿ ಕ್ರಮವಾಗಿ ಬರೆದಿಟ್ಟರು. ಇವತ್ತಿಗೂ ಎಲ್ಲ ಕಂಪೋಸಿಟರ್‌ಗಳೂ ಅದನ್ನೇ ಬಳಸುತ್ತವೆ.

ಇದಕ್ಕೆ ಖರ್ಚೆಷ್ಟು? ಹಳೆ ಲ್ಯಾಪ್‌ಟಾಪ್‌ಗಳ 1366×768 ಪರದೆಯಲ್ಲಿ 10,49,088 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 4 ಬೈಟ್, ಒಟ್ಟು 4.2 ಎಂಬಿ. ಸೆಕೆಂಡಿಗೆ 60 ಸಲ ಅಂದರೆ ಸುಮಾರು 250 ಎಂಬಿ. ಗಾಜಿನ ವಿಂಡೋ ಪರದೆ ತುಂಬಾ ಇದ್ದರೆ ಕೆಳಗಿನದನ್ನು ಓದಬೇಕು, ಮೇಲಿನದನ್ನು ಓದಬೇಕು, ಬೆರೆಸಿ ಬರೆಯಬೇಕು. ಮೂರು ಪಟ್ಟಾಯಿತು, ಸುಮಾರು 750 ಎಂಬಿ. ಡಿಡಿಆರ್3-1600 ರ್‍ಯಾಮ್ ಒಂದೇ ಒಂದು ಇದ್ದರೂ ಅದರ ಗರಿಷ್ಠ ವೇಗ ಸೆಕೆಂಡಿಗೆ 12.8 ಜಿಬಿ. ಅದರಲ್ಲಿ ಇದು 6 ಪರ್ಸೆಂಟ್ ಆಸುಪಾಸು. ಯಾವ ಲ್ಯಾಪ್‌ಟಾಪೂ ಇದಕ್ಕೆ ಸುಸ್ತಾಗುವುದಿಲ್ಲ.

ಆದರೆ ಆ 74 ಮತ್ತು 32 ನೋಡಿ. ಹೂವು ಬಂದ ಕಡೆ ಹಿನ್ನೆಲೆ ಬೆಳ್ಳಗೆ, ಎಲೆ ಬಂದ ಕಡೆ ಕಪ್ಪಗೆ. ಅದರ ಮೇಲೆ ಅಕ್ಷರ ಓದುವುದು ಕಷ್ಟ. ಅದಕ್ಕೇ ಹಿನ್ನೆಲೆಯನ್ನು ಮಸುಕು ಮಾಡುತ್ತಾರೆ, ಅಂದರೆ ಬ್ಲರ್. ಪ್ರತಿ ಪಿಕ್ಸೆಲ್ ಬದಲಿಗೆ ಅದರ ಸುತ್ತಲಿನ ಪಿಕ್ಸೆಲ್‌ಗಳ ಸರಾಸರಿ ಇಡುತ್ತಾರೆ. ಹೂವೂ ಎಲೆಯೂ ಬೆರೆತು ಒಂದೇ ತೆರನಾದ ಹದವಾದ ಬೂದು ಉಳಿಯುತ್ತದೆ, ಅಕ್ಷರ ಎದ್ದು ಕಾಣುತ್ತದೆ.

ಖರ್ಚು ಹೆಚ್ಚುವುದು ಇಲ್ಲಿ. ಸುಮ್ನೆ ನೇರವಾಗಿ ಲೆಕ್ಕ ಹಾಕಿದರೆ, ಒಂದು ಪಿಕ್ಸೆಲ್‌ಗೆ ಸುತ್ತಲಿನ 21×21 ಚೌಕ ನೋಡಬೇಕು, ಅಂದರೆ 441 ಪಿಕ್ಸೆಲ್. ಹತ್ತು ಲಕ್ಷ ಪಿಕ್ಸೆಲ್‌ಗೂ ಹೀಗೆ ಮಾಡಿದರೆ ಒಂದೊಂದು ಚಿತ್ರಕ್ಕೆ 46 ಕೋಟಿ ಸಲ ಓದಬೇಕಾಗುತ್ತದೆ. ಹೀಗೆ ಮಾಡಿದರೆ ಹೊಸ ಮಷಿನ್‌ಗೂ ಉಸಿರು ಕಟ್ಟುತ್ತದೆ.

ಹಾಗಾಗಿ ಜಾಣರು ದಾರಿ ಹುಡುಕಿದ್ದಾರೆ. ಹತ್ತಿರದ ಪಿಕ್ಸೆಲ್‌ಗೆ ಹೆಚ್ಚು ತೂಕ ಕೊಡುವ ಗಾಸಿಯನ್ ಬ್ಲರ್‌ನಲ್ಲಿ ಮೊದಲು ಅಡ್ಡಡ್ಡ, ಆಮೇಲೆ ಉದ್ದುದ್ದ ಸರಾಸರಿ ಮಾಡಿದರೂ ಫಲ ಒಂದೇ. 441 ಇದ್ದದ್ದು 42ಕ್ಕೆ ಇಳಿಯಿತು. ಇನ್ನೂ ಚೆಂದದ ಉಪಾಯ ಡ್ಯುಯಲ್ ಕವಾಸೆ. ಎಆರ್‌ಎಂ ಕಂಪನಿಯ ಮಾರಿಯಸ್ ಬ್ಯೋರ್ಗೆ ಇದನ್ನು 2015ರಲ್ಲಿ ಮೊಬೈಲ್ ಚಿಪ್‌ಗಳಿಗಾಗಿ ವಿವರಿಸಿದರು. ಚಿತ್ರದ ಅಗಲ-ಎತ್ತರ ಎರಡನ್ನೂ ಅರ್ಧಕ್ಕೆ, ಮತ್ತೆ ಅದರ ಅರ್ಧಕ್ಕೆ ಕುಗ್ಗಿಸುತ್ತಾ ಹೋಗಿ, ಆಮೇಲೆ ಹಂತ ಹಂತವಾಗಿ ಹಿಗ್ಗಿಸುವುದು. ಕುಗ್ಗಿಸಿದಾಗ ಪಿಕ್ಸೆಲ್ ಸಂಖ್ಯೆ ಕಾಲು ಭಾಗವಾಗುವುದರಿಂದ ಕೆಲಸ ಬೇಗ ಕರಗುತ್ತದೆ. ಕುಗ್ಗಿಸುವಾಗ 5 ಸಲ, ಹಿಗ್ಗಿಸುವಾಗ 8 ಸಲ ಓದಿದರೆ ಸಾಕು. ಮೂರು ಹಂತ ಇಳಿದು ಹತ್ತಿದರೂ ಪಿಕ್ಸೆಲ್‌ಗೆ ಸರಾಸರಿ 12ರ ಸುತ್ತಮುತ್ತ ನಿಲ್ಲುತ್ತದೆ. ಮಸುಕು ಎಷ್ಟು ಆಳ ಬೇಕಾದರೂ ಖರ್ಚು ಅಷ್ಟೇನೂ ಏರುವುದಿಲ್ಲ. ನನಗಂತೂ ಗ್ರಾಫಿಕ್ಸ್ ಲೋಕದ ಅತ್ಯಂತ ಸುಂದರ ಉಪಾಯಗಳಲ್ಲಿ ಇದೂ ಒಂದು.

ಇದರಿಂದ ಕೈಗೆ ಸಿಗುವ ಪಾಠ: ಪಿಕಾಮ್ ಎಂಬ ಲಿನಕ್ಸ್ ಕಂಪೋಸಿಟರ್ ಬಳಸುತ್ತಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ಬ್ಲರ್ ವಿಧಾನ ಡ್ಯುಯಲ್ ಕವಾಸೆ ಇರಲಿ, ಬ್ಯಾಕೆಂಡ್ ಜಿಎಲ್‌ಎಕ್ಸ್ ಇರಲಿ. ಕೆಡಿಇ ಪ್ಲಾಸ್ಮಾ ಎಂಬ ಲಿನಕ್ಸ್ ಡೆಸ್ಕ್‌ಟಾಪ್ ಬಳಸುವವರು ಚಿಂತಿಸಬೇಕಿಲ್ಲ, ಅದು 2018ರಲ್ಲೇ ಈ ವಿಧಾನಕ್ಕೆ ಬಂದಿದೆ. ಅಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ಡೆಸ್ಕ್‌ಟಾಪ್ ಎಫೆಕ್ಟ್ಸ್‌ನಲ್ಲಿ ಬ್ಲರ್‌ನ ಸ್ಲೈಡರ್ ಎಡಕ್ಕೆ ಎಳೆದು ನೋಡಿ. ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯಲ್ಲಿ ಬ್ಲರ್ ಇಲ್ಲವೇ ಇಲ್ಲ, ಪಾರದರ್ಶಕತೆ ಮಾತ್ರ. ವಿಂಡೋ ಮ್ಯಾನೇಜರ್ ಟ್ವೀಕ್ಸ್‌ಗೆ ಹೋಗಿ, ಕಂಪೋಸಿಟರ್ ಟ್ಯಾಬ್ ತೆರೆದರೆ ಸ್ಲೈಡರ್‌ಗಳು ಸಿಗುತ್ತವೆ. ಹಳೆ ಮಷಿನ್‌ಗೆ ನಾನು ಮೊದಲು ಹೇಳುವುದು ಇದನ್ನೇ.

ಕೆಳಗೆ ಏನು ಅಲ್ಲಾಡುತ್ತಿದೆ?

ಕಂಪೋಸಿಟರ್ ಪ್ರತಿ ಸಲವೂ ಇಡೀ ಪರದೆ ಬರೆಯುವುದಿಲ್ಲ. ಏನು ಬದಲಾಯಿತೋ ಆ ಜಾಗವನ್ನಷ್ಟೇ ಮತ್ತೆ ಬರೆಯುತ್ತದೆ. ಏನೂ ಬದಲಾಗದಿದ್ದರೆ ಸುಮ್ಮನೆ ಕೂರುತ್ತದೆ. ಇದು ಗೊತ್ತಾದರೆ ಅರ್ಧ ಸಮಸ್ಯೆ ನೀವೇ ಬಿಡಿಸಬಹುದು.

ಅಲ್ಲಾಡದ ವಾಲ್‌ಪೇಪರ್ ಮೇಲೆ ಗಾಜಿನ ಟರ್ಮಿನಲ್ ಇಟ್ಟರೆ ಹೆಚ್ಚು ಖರ್ಚಿಲ್ಲ. ಅದೇ ಟರ್ಮಿನಲ್ ಹಿಂದೆ ಯೂಟ್ಯೂಬ್ ಓಡುತ್ತಿದ್ದರೆ ವಿಡಿಯೊದ ಪ್ರತಿ ಚಿತ್ರಕ್ಕೂ ಮಸುಕಿನ ಲೆಕ್ಕ ಹೊಸದಾಗಿ ಆಗಬೇಕು. ಬ್ಲರ್‌ನ ಇನ್ನೊಂದು ಗುಣ ಇದೆ. ಒಂದು ಪಿಕ್ಸೆಲ್ ಬದಲಾದರೆ ಅದರ ಸುತ್ತಲಿನ ಅಷ್ಟೂ ಜಾಗದ ಸರಾಸರಿ ಬದಲಾಗುತ್ತದೆ. ಗಾಜಿನ ಹಿಂದೆ ಮಿಣುಕುವ ಒಂದು ಪುಟ್ಟ ಕರ್ಸರ್ ಕೂಡ ತನಗಿಂತ ಎಷ್ಟೋ ದೊಡ್ಡ ಜಾಗವನ್ನು ಮತ್ತೆ ಬರೆಸುತ್ತದೆ. ಅಲ್ಲಾಡುವ ವಾಲ್‌ಪೇಪರ್ ಹಾಕಿಕೊಂಡವರಿಗೆ ಇನ್ನೂ ಕಷ್ಟ. ಅವರ ಕಂಪೋಸಿಟರ್‌ಗೆ ವಿಶ್ರಾಂತಿಯೇ ಇಲ್ಲ.

ಇನ್ನೊಂದು ವಿಷಯ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮೇಲಿನ ವಿಂಡೋ ಪೂರ್ತಿ ಗಟ್ಟಿಯಾಗಿದ್ದರೆ ಅದರ ಅಡಿಯಲ್ಲಿರುವುದನ್ನು ಕಂಪೋಸಿಟರ್ ಬರೆಯುವುದೇ ಇಲ್ಲ, ಹೇಗೂ ಕಾಣುವುದಿಲ್ಲವಲ್ಲ. ಅದನ್ನು 98 ಪರ್ಸೆಂಟ್‌ಗೆ ಇಳಿಸಿದಿರಿ ಅನ್ನಿ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದರೆ ಅಡಿಯಲ್ಲಿರುವುದನ್ನೆಲ್ಲ ಈಗ ಬರೆಯಲೇಬೇಕು. ಬ್ರೌಸರ್, ಲೆಕ್ಕದ ಶೀಟ್, ಫೈಲ್ ಮ್ಯಾನೇಜರ್, ಟರ್ಮಿನಲ್ ನಾಲ್ಕೂ ಹೀಗೆ ಒಂದರ ಮೇಲೊಂದು ಇದ್ದರೆ ನಾಲ್ಕು ಪದರದ ಕೆಲಸ, ಪ್ರತಿ ಪದರಕ್ಕೂ ಬೇರೆ ಬ್ಲರ್. ಆದ್ದರಿಂದ ಎಲ್ಲ ವಿಂಡೋಗಳಿಗೂ ಒಟ್ಟಿಗೆ ಪಾರದರ್ಶಕತೆ ಹಾಕಬೇಡಿ. ಪರದೆಯ ಅಡಿಯ ಟಾಸ್ಕ್‌ಬಾರ್ ಪಟ್ಟಿ, ಮೆನು, ಟರ್ಮಿನಲ್ ಇಷ್ಟಕ್ಕೆ ಕೊಡಿ, ಚೆಂದವೂ ಇರುತ್ತದೆ. ಬ್ರೌಸರ್ ಗಟ್ಟಿಯಾಗಿಯೇ ಇರಲಿ.

ಕನ್ನಡ ಓದುವವರಿಗೆ ಇನ್ನೊಂದು ಕಾರಣವೂ ಇದೆ. ನಮ್ಮ ಒತ್ತಕ್ಷರ ಗೆರೆಯ ಕೆಳಗೆ ಚಿಕ್ಕದಾಗಿ ಕೂರುತ್ತದೆ. ಹಿನ್ನೆಲೆ ಸ್ವಲ್ಪ ಕಲಕಿದರೂ ಮೊದಲು ಮಾಯವಾಗುವುದು ಅದೇ. ಜೊತೆಗೆ, ಅಕ್ಷರದ ಅಂಚನ್ನು ನುಣುಪು ಮಾಡುವ ಕ್ಲಿಯರ್‌ಟೈಪ್‌ನಂಥ ವಿಧಾನಕ್ಕೆ ಗಟ್ಟಿ ಹಿನ್ನೆಲೆ ಬೇಕು. ಗಾಜಿನ ಮೇಲೆ ಸಾಮಾನ್ಯವಾಗಿ ಅದು ಕೆಲಸ ಮಾಡದೆ ಬರೀ ಬೂದು ನುಣುಪು ಉಳಿಯುತ್ತದೆ, 1366×768 ಪರದೆಯಲ್ಲಿ ಅಕ್ಷರ ತೆಳ್ಳಗೆ ಕಾಣುತ್ತದೆ. ಕನ್ನಡ ಬರೆಯುವ, ಓದುವ ವಿಂಡೋವನ್ನು 90 ಪರ್ಸೆಂಟ್‌ಗಿಂತ ಕೆಳಗಿಳಿಸಬೇಡಿ ಎನ್ನುತ್ತೇನೆ.

ಇದೆಲ್ಲಕ್ಕೂ ಮೊದಲು ನೋಡಬೇಕಾದ್ದು

ಡ್ರೈವರ್, ಅಂದರೆ ಚಿಪ್‌ನಿಂದ ಕೆಲಸ ಮಾಡಿಸುವ ಪ್ರೋಗ್ರಾಂ. ಗ್ರಾಫಿಕ್ಸ್ ಚಿಪ್‌ನ ಡ್ರೈವರ್ ಸರಿಯಾಗಿ ಕೂರದಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಪ್ರೊಸೆಸರ್ ಒಂದೇ ಮಾಡುತ್ತದೆ. ಆಗ ಯಾವ ಸ್ಲೈಡರ್ ಎಳೆದರೂ ಪ್ರಯೋಜನವಿಲ್ಲ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಡಿಸ್ಪ್ಲೇ ಅಡಾಪ್ಟರ್ಸ್ ಅಡಿಯಲ್ಲಿ ನೋಡಿ. ಅಲ್ಲಿ ಇಂಟೆಲ್ ಅಥವಾ ಎಎಂಡಿ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್’ ಎಂದಿದ್ದರೆ ಡ್ರೈವರ್ ಇಲ್ಲವೆಂದೇ ಅರ್ಥ. ಲಿನಕ್ಸ್‌ನ ಸಿಸ್ಟಂ ಮಾಹಿತಿಯಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂಬ ಹೆಸರು ಕಂಡರೂ ಅದೇ ಕಥೆ. ಮಿಂಟ್‌ನ ಸಿನಮನ್ ಆವೃತ್ತಿ ಆದರೆ ಲಾಗಿನ್ ಆದ ಕೂಡಲೇ ತಾನೇ ಎಚ್ಚರಿಕೆ ತೋರಿಸುತ್ತದೆ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾಯಿತು ಎಂದು ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಶುರುಮಾಡಿದ್ದರೆ, ‘ನೋಮೋಡ್‌ಸೆಟ್’ ಎಂಬ ಆಯ್ಕೆ ಬೂಟ್ ಸಾಲಿನಲ್ಲಿ ಉಳಿದುಕೊಂಡಿದೆಯೇ ನೋಡಿ. ಅದಿರುವವರೆಗೂ ಚಿಪ್ ಎಚ್ಚರಗೊಳ್ಳುವುದಿಲ್ಲ.

ಡ್ರೈವರ್ ಸರಿಯಿದ್ದರೆ ಮುಂದಿನದು ರ್‍ಯಾಮ್. ಎಚ್‌ಡಿ 4000ದಂಥ ಚಿಪ್‌ಗೆ ತನ್ನದೇ ಮೆಮೊರಿ ಇಲ್ಲ, ಪ್ರೊಸೆಸರ್ ಬಳಸುವ ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಆ ಕಾಲದ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ 4 ಜಿಬಿಯ ಒಂದೇ ಸ್ಟಿಕ್ ಹಾಕಿಕೊಂಡು ಬರುತ್ತಿದ್ದವು, ಪಕ್ಕದ ಸ್ಲಾಟ್ ಖಾಲಿ. ಅದರಲ್ಲಿ ಅಂಥದ್ದೇ ಇನ್ನೊಂದು ಸ್ಟಿಕ್ ಕೂರಿಸಿದರೆ ಜಾಗ ಜಾಸ್ತಿಯಾಗುವುದಷ್ಟೇ ಅಲ್ಲ, ಎರಡೂ ಒಟ್ಟಿಗೆ ಕೆಲಸ ಮಾಡಿ ಗರಿಷ್ಠ ವೇಗ 12.8ರಿಂದ 25.6 ಜಿಬಿಗೆ ಏರುತ್ತದೆ. ಬ್ಲರ್ ಬೇಕೇ ಬೇಕು ಎನ್ನುವವರು ದುಡ್ಡು ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ. ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆರೆದರೆ ಎರಡರಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದು ಕಾಣುತ್ತದೆ. ಕೊಳ್ಳುವ ಮೊದಲು ಇರುವ ಸ್ಟಿಕ್ ತೆಗೆದು ಅದರ ಸ್ಟಿಕ್ಕರ್ ಓದಿ. ಪಿಸಿ3 ಎಂದಿದೆಯೋ ಪಿಸಿ3ಎಲ್ ಎಂದಿದೆಯೋ ಬರೆದುಕೊಂಡು ಅಂಥದ್ದೇ ತನ್ನಿ. ಎಲ್ ಇರುವುದು 1.35 ವೋಲ್ಟಿನದು. ಇಲ್ಲದ್ದು 1.5 ವೋಲ್ಟಿನದು, ಅದನ್ನು ಎಲ್ಲ ಲ್ಯಾಪ್‌ಟಾಪ್‌ಗಳೂ ಒಪ್ಪುವುದಿಲ್ಲ.

ಹಿಂಬದಿ ಬಿಚ್ಚಿದ್ದೀರಲ್ಲ, ಫ್ಯಾನನ್ನೂ ನೋಡಿಬಿಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಗಾಳಿಯೇ ಒದ್ದೆ. ಧೂಳು ಒಣಗಿ ಹಾರುವುದಿಲ್ಲ, ಅಂಟುತ್ತದೆ. ಫ್ಯಾನ್ ರೆಕ್ಕೆ ಸ್ವಚ್ಛವಾಗಿಯೇ ಕಾಣಬಹುದು. ಅದು ಗಾಳಿ ಊದುವ ಕಡೆ ತಾಮ್ರದ ಕೊಳವೆಯ ತುದಿಯಲ್ಲಿ ಬಾಚಣಿಗೆ ಹಲ್ಲಿನಂಥ ಲೋಹದ ಪಟ್ಟಿಗಳಿವೆ. ಫ್ಯಾನ್‌ಗೂ ಆ ಪಟ್ಟಿಗಳಿಗೂ ನಡುವೆ ಧೂಳು ಕಂಬಳಿಯಂತೆ ಒಂದು ಪದರ ಕಟ್ಟಿಕೊಂಡಿರುತ್ತದೆ. ಹೊರಗಿನಿಂದ ಊದಿದರೆ ಅದು ಪೂರ್ತಿ ಬರುವುದಿಲ್ಲ. ಫ್ಯಾನಿನ ತಿರುಪು ಬಿಚ್ಚಿ ಪಕ್ಕಕ್ಕೆ ಸರಿಸಿ, ಆ ಪದರವನ್ನು ಚಿಮುಟದಿಂದ ಹಿಡಿದೆಳೆದರೆ ಇಡಿಯಾಗಿ ಕಿತ್ತು ಬರುತ್ತದೆ. ಊದುವುದಾದರೆ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ, ಜೋರಾಗಿ ತಿರುಗಲು ಬಿಡಬೇಡಿ. ಇದೆಲ್ಲ ಮಾಡುವ ಮುಂಚೆ ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದಿರಬೇಕು.

ಗಾಜಿಗೂ ಧೂಳಿಗೂ ಏನು ಸಂಬಂಧ ಎನ್ನಬಹುದು. ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಚಿಪ್‌ನಲ್ಲಿವೆ, ಒಂದೇ ತಂಪಿನ ಪಾಲು ಹಂಚಿಕೊಳ್ಳುತ್ತವೆ. ಬಿಸಿ ಮಿತಿ ಮೀರಿದರೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. 16 ಮಿಲಿಸೆಕೆಂಡಿನ ಕೆಲಸ 18 ಆಗುವುದು ಹೀಗೇ. ಬೆಳಗ್ಗೆ ಆನ್ ಮಾಡಿದಾಗ ಚೆನ್ನಾಗಿದ್ದು ಅರ್ಧ ಗಂಟೆಯ ಮೇಲೆ ಜರ್ಕ್ ಶುರುವಾದರೆ ಕಾರಣ ಬಿಸಿಯೇ ಇರಬಹುದು.

ಯೂಟ್ಯೂಬ್ ಕೂಡ ಇದೇ ದಾರಿಯಲ್ಲಿ ತೊಂದರೆ ಕೊಡುತ್ತದೆ. ಅದು ಈಗ ಹೆಚ್ಚಿನ ವಿಡಿಯೊಗಳನ್ನು ವಿಪಿ9 ಅಥವಾ ಎವಿ1 ರೂಪದಲ್ಲಿ ಕಳಿಸುತ್ತದೆ. ಎಚ್‌ಡಿ 4000ಕ್ಕೆ ಬರುವುದು ಎಚ್.264 ಎಂಬ ಹಳೆ ರೂಪ. ಉಳಿದವನ್ನು ಬಿಡಿಸುವ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ, ಬಿಸಿ ಏರುತ್ತದೆ, ಗಾಜು ತಡವರಿಸುತ್ತದೆ. ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಎಚ್.264 ವಿಡಿಯೊವನ್ನೇ ಕೇಳಿ ತರಿಸುತ್ತದೆ.

ಇನ್ನೂ ವಿಂಡೋಸ್ 10ರಲ್ಲೇ ಇರುವವರಿಗೆ ಎರಡು ಮಾತು. ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಕಲರ್ಸ್ ಹೀಗೆ ಹೋದರೆ ಟ್ರಾನ್ಸ್‌ಪರೆನ್ಸಿ ಎಫೆಕ್ಟ್ಸ್ ಸ್ವಿಚ್ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬ್ಯಾಟರಿ ಇಳಿದು, ಬ್ಯಾಟರಿ ಸೇವರ್ ಆನ್ ಆದಾಗ ಗಾಜು ತಾನೇ ಹೋಗುತ್ತದೆ. ಅದು ಕೆಟ್ಟಿಲ್ಲ, ಚಾರ್ಜ್ ಆದ ಮೇಲೆ ವಾಪಸು ಬರುತ್ತದೆ. ಇನ್ನೊಂದು, ವೇಗಕ್ಕಾಗಿ ವಿಶುಯಲ್ ಎಫೆಕ್ಟ್ಸ್‌ನಲ್ಲಿ ‘ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮೆನ್ಸ್’ ಒತ್ತುವ ಅಭ್ಯಾಸ ಹಲವರಿಗಿದೆ. ಅದು ಅಕ್ಷರದ ನುಣುಪನ್ನೂ ಕಿತ್ತುಹಾಕುತ್ತದೆ, ಕನ್ನಡ ಮುಳ್ಳುಮುಳ್ಳಾಗಿ ಕಾಣುತ್ತದೆ. ಅದೇ ಪಟ್ಟಿಯಲ್ಲಿ ‘ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್’ಗೆ ಮತ್ತೆ ಟಿಕ್ ಹಾಕಿ.

ಇನ್ನು 2012ಕ್ಕಿಂತ ಬಹಳ ಹಳೆಯ, ಇಂಟೆಲ್ ಜಿಎಂಎ 950ರ ಕಾಲದ ಮಷಿನ್ ಇದ್ದರೆ? ಅದರಲ್ಲಿ ಬ್ಲರ್ ಆಸೆ ಬಿಡುವುದೇ ಸರಿ. ಆದರೆ ಗಾಜಿನ ನೋಟಕ್ಕೆ ಒಂದು ಹಳೆ ಉಪಾಯ ಇದೆ. ಯುಆರ್‌ಎಕ್ಸ್‌ವಿಟಿಯಂಥ ಟರ್ಮಿನಲ್‌ಗಳು ಹಿಂದೆ ನಿಜವಾಗಿ ಏನಿದೆ ಎಂದು ನೋಡುವುದೇ ಇಲ್ಲ. ವಾಲ್‌ಪೇಪರ್‌ನ ಅಷ್ಟು ಭಾಗವನ್ನು ನಕಲು ಮಾಡಿ, ಬೇಕಾದಷ್ಟು ಕಪ್ಪಾಗಿಸಿ, ತಮ್ಮ ಹಿನ್ನೆಲೆಯಾಗಿ ಬಳಿದುಕೊಳ್ಳುತ್ತವೆ. ಕಂಪೋಸಿಟರ್ ಇಲ್ಲದೆಯೂ ನಡೆಯುತ್ತದೆ. ನಡುವೆ ಬೇರೆ ವಿಂಡೋ ಬಂದರೆ ಅದು ಕಾಣುವುದಿಲ್ಲ, ಅಷ್ಟೇ ಕೊರತೆ. 2021ರಲ್ಲಿ ಬಂದ ವಿಂಡೋಸ್ 11ರ ಮೈಕಾ ಎಂಬ ಹೊಸ ನೋಟವೂ ಇದೇ ಜಾಡಿನದು. ಅದು ವಾಲ್‌ಪೇಪರನ್ನು ಒಂದೇ ಸಲ ತೆಗೆದುಕೊಂಡು ಮಸುಕು ಮಾಡಿ ಇಟ್ಟುಕೊಳ್ಳುತ್ತದೆ, ಹಿಂದಿನ ವಿಂಡೋಗಳ ಗೊಡವೆಗೆ ಹೋಗುವುದಿಲ್ಲ.